‘ಅರ್ಜೆಂಟ್ ಸರ್’ ಬಳಗಕ್ಕೊಂದು ಬಹಿರಂಗ ಪತ್ರ

ರಾತ್ರಿ ಹನ್ನೊಂದಕ್ಕೆ ನನಗೆ ಅಸೈನ್‌ಮೆಂಟ್ ಪ್ರಶ್ನೆಗಳ ಫೋಟೊ ಕಳಿಸಿ, ಕೆಳಗೆ ‘ಅರ್ಜೆಂಟ್ ಸರ್’ ಎಂದು ಬರೆಯುವ ಬಿ.ಎ. ವಿದ್ಯಾರ್ಥಿ ಮಿತ್ರರೇ,

ನಿಮ್ಮ ಮೇಷ್ಟ್ರುಗಳು ನಿಮ್ಮನ್ನು ಸೋಮಾರಿಗಳು ಎನ್ನುತ್ತಾರಂತೆ. ಶುದ್ಧ ಅನ್ಯಾಯ. ಸಮಾಜ ಮನೋವಿಜ್ಞಾನವನ್ನು ನಿಮ್ಮಷ್ಟು ನಿಷ್ಠೆಯಿಂದ ಬಾಳಿ ತೋರಿಸಿದವರನ್ನು ನಾನಂತೂ ಕಂಡಿಲ್ಲ.

ಮೊನ್ನೆಯ ಮೂರನೇ ಪ್ರಶ್ನೆಯನ್ನೇ ನೋಡಿ. ‘ಬೈಸ್ಟ್ಯಾಂಡರ್ ಎಫೆಕ್ಟ್ ಎಂದರೇನು? ಉದಾಹರಣೆ ಕೊಡಿ.’ ಇದನ್ನು ಇಡೀ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ ‘ಯಾರಾದ್ರೂ ಆನ್ಸರ್ ಕಳಿಸ್ರಪ್ಪಾ’ ಅಂದಿರಿ. ಎಲ್ಲರೂ ನೋಡಿದರು, ಯಾರೂ ತುಟಿಪಿಟಕ್ ಎನ್ನಲಿಲ್ಲ. ಅದೇ ಉತ್ತರ ಕಣ್ರಯ್ಯಾ! ಇಷ್ಟನ್ನು ತೋರಿಸಲು ಡಾರ್ಲಿ ಮತ್ತು ಲಟಾನೆ ಎಂಬಿಬ್ಬರು ಮನೋವಿಜ್ಞಾನಿಗಳು ನ್ಯೂಯಾರ್ಕಿನಲ್ಲಿ ಬೇರೆ ಬೇರೆ ಕೋಣೆ, ಮೈಕು, ಮೂರ್ಛೆ ಬಂದವನ ನಾಟಕದ ದನಿ ಎಲ್ಲ ಹೊಂದಿಸಬೇಕಾಯಿತು. 1968ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಹೀಗಿದೆ: ಆ ದನಿ ತನಗೊಬ್ಬನಿಗೇ ಕೇಳಿಸುತ್ತಿದೆ ಎಂದುಕೊಂಡವರಲ್ಲಿ ಶೇ. 85 ಮಂದಿ ಅದು ನಿಲ್ಲುವ ಮೊದಲೇ ಎದ್ದು ಹೋಗಿ ಸುದ್ದಿ ಮುಟ್ಟಿಸಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಎದ್ದವರು ಶೇ. 31. ನಿಮ್ಮ ಗ್ರೂಪು ಸೊನ್ನೆ ಮುಟ್ಟಿದೆ. ಅಮೆರಿಕವನ್ನು ಹಿಂದೆ ಹಾಕಿದ್ದಕ್ಕೆ ಅಭಿನಂದನೆ.

ಆಮೇಲೆ ‘ಸೋಷಿಯಲ್ ಲೋಫಿಂಗ್’, ಅಂದರೆ ಗುಂಪಿನಲ್ಲಿದ್ದಾಗಿನ ಕೆಲಸಗಳ್ಳತನ, ಅದರ ಮೇಲಿನ ಗ್ರೂಪ್ ಪ್ರಾಜೆಕ್ಟ್. ಒಬ್ಬಳು ಬರೆದಳು, ಒಬ್ಬ ಸ್ಪೈರಲ್ ಬೈಂಡಿಂಗ್ ಮಾಡಿಸಿದ, ಮಿಕ್ಕ ನಾಲ್ವರು ಹೆಸರು ಕೊಟ್ಟರು. ಅದರಲ್ಲೂ ಒಬ್ಬನ ಇನಿಷಿಯಲ್ ತಪ್ಪು.

ಇಂಗ್ಲಿಷಿನಲ್ಲೂ ನೀವು ಕಡಿಮೆಯಿಲ್ಲ. ಪ್ಯಾಸಿವ್ ವಾಯ್ಸಿನಲ್ಲಿ ಕೆಲಸ ಮಾಡಿದವನ ಹೆಸರು ಬಿಟ್ಟರೂ ವಾಕ್ಯ ನಿಲ್ಲುತ್ತದೆ ಎಂಬ ಸೂಕ್ಷ್ಮ ನಿಮಗೆ ಕರಗತ. ‘ದಿ ಅಸೈನ್‌ಮೆಂಟ್ ಹ್ಯಾಸ್ ಬೀನ್ ಕಂಪ್ಲೀಟೆಡ್.’ ಯಾರಿಂದ ಅಂತ ಕೇಳಬಾರದು. ನಿಮ್ಮಲ್ಲೊಬ್ಬ ಮಹಾನುಭಾವ ನಾನು ಕಳಿಸಿದ್ದನ್ನು ನಕಲು ಮಾಡುವಾಗ, ಕೊನೆಯಲ್ಲಿದ್ದ ‘ಊಟ ಆಯ್ತಾ? ಇನ್ನು ಮಲಗು’ ಎಂಬುದನ್ನೂ ಇಂಗ್ಲಿಷಿಗೆ ತಿರುಗಿಸಿ ಬರೆದಿದ್ದ. ಮೇಷ್ಟ್ರು ಅದಕ್ಕೂ ಟಿಕ್ ಹಾಕಿ ಸಹಿ ಮಾಡಿದ್ದರು. (ಬರೆಯದವರು, ಓದದವರು, ಇಬ್ಬರಿಗೂ ಇಂಟರ್ನಲ್ ಮಾರ್ಕ್ಸ್ ಮುಗಿದರೆ ಸಾಕು.)

ನನ್ನ ಪಾಡೂ ನಿಮ್ಮ ಸಿಲಬಸ್ಸಿನಲ್ಲೇ ಇದೆ. 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಜನರಿಂದ ಇನ್ನೊಬ್ಬನಿಗೆ ಸುಳ್ಳುಸುಳ್ಳೇ ಕರೆಂಟ್ ಶಾಕ್ ಕೊಡಿಸಿದರಲ್ಲ, ಆಗ ‘ದಯವಿಟ್ಟು ಮುಂದುವರಿಸಿ’ ಎಂಬಂಥ ಮಾತುಗಳಿಗೇ 40ರಲ್ಲಿ 26 ಮಂದಿ 450 ವೋಲ್ಟಿನ ತನಕ ಹೋದರು. ‘ಪ್ಲೀಸ್ ಸರ್, ಇದೊಂದೇ’ ಎಂದು ನೀವು ನನ್ನನ್ನು ಹತ್ತನೇ ಪ್ರಶ್ನೆಯ ತನಕ ಒಯ್ದಿದ್ದೀರಿ. ವ್ಯತ್ಯಾಸ ಇಷ್ಟೇ: ಅಲ್ಲಿನ ಶಾಕ್ ನಾಟಕದ್ದು. ವೈವಾ ದಿನ ಎಕ್ಸ್‌ಟರ್ನಲ್ ಮೇಷ್ಟ್ರು ‘ಇದನ್ನ ನಿಮ್ಮ ಮಾತಲ್ಲಿ ಹೇಳಿ’ ಎಂದಾಗ ನಿಮಗೆ ಹೊಡೆಯುವುದು ಅಸಲಿ. ವೈವಾ ಕೋಣೆಗೆ ಫೋನು ಬಿಡುವುದಿಲ್ಲ.

ಆದ್ದರಿಂದ ಇನ್ನು ಮೇಲೆ ಪ್ರಶ್ನೆಯ ಜೊತೆ ನೀವೇ ಬರೆದ ಎರಡು ವಾಕ್ಯವನ್ನೂ ಕಳಿಸಿ. ಗ್ರಾಮರ್ ಕೆಟ್ಟಿರಲಿ, ಸ್ಪೆಲಿಂಗ್ ತಲೆಕೆಳಗಾಗಿರಲಿ, ಕೂತು ತಿದ್ದಿಕೊಡುತ್ತೇನೆ. ಬರೀ ಫೋಟೊ ಬಂದರೆ ಉತ್ತರ ಬರುವುದಿಲ್ಲ. ಮತ್ತೆ, ರಾತ್ರಿ ಒಂಬತ್ತರೊಳಗೆ ಕಳಿಸಿ. ನನಗೂ ನಿದ್ದೆ ಬರುತ್ತದೆ.

ಇತಿ,
ನಿಮ್ಮ ‘ಸರ್’