ಮುಚ್ಚಳ ಮುಚ್ಚಿ ಫೋಟೋ ತೆಗೆಯುವವನು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಮಾವಾಸ್ಯೆಯ ನಡುರಾತ್ರಿ ತೋಟದೊಳಗೆ ಕೆಂಪು ದೀಪವೊಂದು ಓಡಾಡಿದರೆ ಅವನು ಕಾಯಿ ಕಳ್ಳನಿರಬೇಕು, ನಿಧಿ ಅಗೆಯುವವನಿರಬೇಕು, ಇಲ್ಲವೇ ಮಾಟ ಮಾಡುವವನಿರಬೇಕು. ಈಗ ಈ ಸಾಲಿಗೆ ನಾಲ್ಕನೆಯವನೊಬ್ಬ ಸೇರಿದ್ದಾನೆ. ವಾರವೆಲ್ಲ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಶುಕ್ರವಾರ ಸಂಜೆಯ ರೈಲಿಗೆ ಊರಿಗೆ ಇಳಿಯುವ ಈತ ನೀಹಾರಿಕೆಗಳ ಬಣ್ಣದ ಫೋಟೋ ತೆಗೆಯಲು ಹೊರಟ ಹೊಸಬ. ಬ್ಯಾಗಿನಲ್ಲಿ ದೂರದರ್ಶಕ, ಹೆಗಲ ಮೇಲೆ ಮುಕ್ಕಾಲಿ, ಜೇಬಿನಲ್ಲಿ ಬಂಗಾರದ ಉಂಗುರದಂತೆ ಜೋಪಾನವಾಗಿಟ್ಟ ಮೂರು ಫಿಲ್ಟರುಗಳು. 2025ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರ ಕೊಟ್ಟ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಆ ಮೂರು ಗಾಜಿನ ಬಿಲ್ಲೆಗಳಿಗೆ ಎಷ್ಟು ಕ್ವಿಂಟಾಲು ಹೋಯಿತೆಂಬುದನ್ನು ಅವನು ಅಪ್ಪನಿಗೆ ಹೇಳಿಲ್ಲ. ಇಂಥವನನ್ನು ಕಂಡು ಊರು ನಗುವುದು ಸಹಜವೇ. ಆದರೆ ಊರು ನಗುವುದೆಲ್ಲ ಅವನು ಸರಿಯಾಗಿ ಮಾಡುವ ಕೆಲಸಗಳಿಗೆ. ನಿಜವಾಗಿ ನಗಬೇಕಾದ ಜಾಗದಲ್ಲಿ ಮಾತ್ರ ಎಲ್ಲರೂ ಗಂಭೀರವಾಗಿ ತಲೆದೂಗುತ್ತಾರೆ.

ಮುಚ್ಚಳದ ವಿಷಯವನ್ನೇ ನೋಡಿ. ದೂರದರ್ಶಕದ ಬಾಯಿಗೆ ಮುಚ್ಚಳ ಹಾಕಿ ಇವನು ಇಪ್ಪತ್ತು ಮೂವತ್ತು ಫೋಟೋ ತೆಗೆಯುತ್ತಾನೆ. ಮೋಟರು ಹಾಕಲು ಬಂದವರು ಇದನ್ನು ಕಂಡರೆ ಬೆಳಗಾಗುವಷ್ಟರಲ್ಲಿ ಟೀ ಅಂಗಡಿಗೆ ಸುದ್ದಿ ಮುಟ್ಟಿರುತ್ತದೆ. ಆದರೆ ಕ್ಯಾಮೆರಾದ ಸಂವೇದಕ ತನ್ನದೇ ಬಿಸಿಗೆ, ಬೆಳಕೇ ಇಲ್ಲದಾಗಲೂ, ಚುಕ್ಕೆಗಳನ್ನು ಹುಟ್ಟಿಸುತ್ತದೆ. ಕತ್ತಲೆಯ ಫೋಟೋ ತೆಗೆದು ಅದನ್ನು ಅಸಲಿ ಚಿತ್ರದಿಂದ ಕಳೆದರೆ ಆ ಸುಳ್ಳು ಚುಕ್ಕೆಗಳು ಹೋಗುತ್ತವೆ. ನಸುಕಿನಲ್ಲಿ ಅಪ್ಪನ ಬಿಳಿ ಪಂಚೆಯನ್ನು ನಳಿಗೆಯ ಬಾಯಿಗೆ ಬಿಗಿದು ಕ್ಲಿಕ್ಕಿಸುವುದು ಮಸೂರದ ಧೂಳು, ಅಂಚಿನ ಮಬ್ಬು ಗುರುತಿಸಲು. ಕೆಂಪು ದೀಪ ಕತ್ತಲೆಗೆ ಹೊಂದಿಕೊಂಡ ಕಣ್ಣು ಕೆಡದಿರಲಿ ಎಂದು. ಅಮಾವಾಸ್ಯೆ ಚಂದ್ರನಿಲ್ಲದ್ದಕ್ಕೆ. ಹೀಗೆ ಅವನ ಹುಚ್ಚಾಟಗಳೆಂದು ಹೆಸರಾದವೆಲ್ಲ ಅಪ್ಪಟ ವಿವೇಕ. ನೆಟ್ಟಗಿಲ್ಲದ್ದು ಒಂದೇ: ಬಣ್ಣದ ಆತುರ. ಕಾಯಿಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ತಾನಾಗಿ ಇಂಗುವವರೆಗೆ ಹತ್ತು ಹನ್ನೆರಡು ತಿಂಗಳು ಒಡೆಯದೆ ಬಿಡುವ ಮನೆಯ ಮಗ ಬೆಳಕಿಗೆ ಹತ್ತು ನಿಮಿಷ ಕೊಡಲಾರ.

ಮಹಾವ್ಯಾಧನ ಸೊಂಟಪಟ್ಟಿಯ ಕೆಳಗಿನ ನೀಹಾರಿಕೆ ಸುಮಾರು 1,300 ಜ್ಯೋತಿರ್ವರ್ಷ ದೂರದ್ದು. ದೂರದರ್ಶಕದಲ್ಲಿ ಕಣ್ಣಿಟ್ಟರೆ ಬೂದು ಮಬ್ಬು, ಅಷ್ಟೇ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯದು. ಅದರ ಜಲಜನಕ 656.3 ನ್ಯಾನೋಮೀಟರಿನಲ್ಲಿ ಕೆಂಪಗೆ ಹೊಳೆಯುತ್ತದೆ, ಆದರೆ ಸಾಮಾನ್ಯ ಕ್ಯಾಮೆರಾದೊಳಗಿನ ಗಾಜು ಆ ಕೆಂಪಿನ ಬಹುಪಾಲನ್ನು ತಡೆದುಬಿಡುತ್ತದೆ. ಇಷ್ಟು ಓದಿದ ಕೂಡಲೇ ನಮ್ಮ ನಾಯಕ ಕಪ್ಪು-ಬಿಳುಪು ಕ್ಯಾಮೆರಾ ಕೊಂಡು, ಜಲಜನಕಕ್ಕೊಂದು, ಆಮ್ಲಜನಕಕ್ಕೊಂದು, ಗಂಧಕಕ್ಕೊಂದು ಫಿಲ್ಟರು ತರಿಸುತ್ತಾನೆ. ಫಿಲ್ಟರಿನ ಕೆಲಸ ಬೆಳಕು ಕೊಡುವುದಲ್ಲ, ಬಿಸಾಡುವುದು. ಉಳಿದ ಒಂದೆಳೆ ಬೆಳಕನ್ನು ಗಂಟೆಗಟ್ಟಲೆ ಕೂಡಿಸಬೇಕು. ಇವನು ಒಂದೇ ರಾತ್ರಿಗೆ ಮೂರನ್ನೂ ಮುಗಿಸಲು ಹೊರಟು, ಯಾವುದಕ್ಕೂ ಸಾಕಷ್ಟು ಹೊತ್ತು ಕೊಡದೆ, ಮೂರು ಬಡಕಲು ಚಿತ್ರಗಳನ್ನು ಬೆರೆಸಿ, ಬಣ್ಣದ ಗುಂಡಿಯನ್ನು ಕೊನೆಯವರೆಗೆ ತಿರುಗಿಸುತ್ತಾನೆ. ಜಲಜನಕವನ್ನು ಹಸಿರಿಗೆ ಹಚ್ಚಿದ್ದರಿಂದ, ಅದರ ಬೆಳಕೇ ಹೆಚ್ಚಾದ್ದರಿಂದ, ನೀಹಾರಿಕೆಯೆಲ್ಲ ಪಾಚಿಗಟ್ಟುತ್ತದೆ, ನಕ್ಷತ್ರಗಳು ನೇರಳೆಗೆ ತಿರುಗುತ್ತವೆ. ಮನೆಮಂದಿ ತಲೆದೂಗುವುದು ಇದಕ್ಕೆ.

ಸಲಕರಣೆಯ ದೋಷ ಎಂದು ಅವನ ವಾದ. ನಿಜವಾದ ಎದುರಾಳಿ ತೋಟವೇ. ಆಕಾಶದ ತಿರುಗಾಟವನ್ನು ಹಿಂಬಾಲಿಸುವ ಯಂತ್ರದ ಅಕ್ಷ ಧ್ರುವನ ಕಡೆಗಿರಬೇಕು. ತಿಪಟೂರಿನಲ್ಲಿ ಧ್ರುವ ದಿಗಂತದಿಂದ ಮೇಲೇರುವುದು ಹದಿಮೂರು ಡಿಗ್ರಿ ಮಾತ್ರ. ಲೆಕ್ಕ ಹಾಕಿದರೆ, ಉತ್ತರಕ್ಕೆ ಸುಮಾರು 250 ಅಡಿಯೊಳಗೆ ಅರವತ್ತು ಅಡಿಯ ಒಂದು ತೆಂಗಿನ ಮರ ಅಡ್ಡ ನಿಂತಿದ್ದರೂ ಧ್ರುವ ಮರೆ. ಇಲ್ಲಿ ಅಂಥ ಮರ ಒಂದೇ ಇರುವುದಿಲ್ಲವಲ್ಲ! ಧ್ರುವ ಕಾಣದೆಯೂ, ನಕ್ಷತ್ರ ಯಾವ ಕಡೆ ಜಾರುತ್ತದೆಂದು ನೋಡಿ ನೋಡಿ ಅಕ್ಷ ತಿದ್ದಬಹುದು. ಅದಕ್ಕೂ ತಾಳ್ಮೆಯೇ ಬೇಕು. ಹೊಸಬನಿಗೆ ಅದಕ್ಕಿಂತ ಮರ ಕಡಿಸುವ ಯೋಚನೆ ಮೊದಲು ಬರುತ್ತದೆ, ಅಪ್ಪನ ಮುಖ ಆಮೇಲೆ.

ಫಿಲ್ಟರಿನ ಆ ಬಣ್ಣವೇ ಸುಳ್ಳಲ್ಲವೇ, ಸುಳ್ಳಿಗೆ ತಾಳ್ಮೆ ಯಾಕೆ ಎಂಬ ಆಕ್ಷೇಪ ಬಲವಾದದ್ದು. ಹಬಲ್ ಬಾಹ್ಯಾಕಾಶ ದೂರದರ್ಶಕ 1995ರಲ್ಲಿ ತೆಗೆದ ಹದ್ದಿನ ನೀಹಾರಿಕೆಯ ಕಂಬಗಳಲ್ಲಿ ಗಂಧಕ ಕೆಂಪು, ಜಲಜನಕ ಹಸಿರು, ಆಮ್ಲಜನಕ ನೀಲಿ. ಕಣ್ಣಿಗೆ ಕಾಣುವ ಬಣ್ಣ ಖಂಡಿತ ಅದಲ್ಲ. ಆದರೆ ಉದ್ದ ತರಂಗದಿಂದ ಗಿಡ್ಡ ತರಂಗಕ್ಕೆ ಕ್ರಮ ತಪ್ಪಿಲ್ಲ, ಎಲ್ಲಿ ಯಾವ ಅನಿಲವೆಂಬುದೂ ನಿಜ. 1864ರಲ್ಲಿ ಖಗೋಳವಿಜ್ಞಾನಿ ಹಗಿನ್ಸ್ ನೀಹಾರಿಕೆಯೊಂದರಲ್ಲಿ ಹಸಿರು ಗೆರೆ ಕಂಡ; ಅದನ್ನು ಹೊಸ ಮೂಲವಸ್ತುವೆಂದೇ ಜನ ನಂಬಿದ್ದರು. ಎರಡು ಎಲೆಕ್ಟ್ರಾನು ಕಳೆದುಕೊಂಡ ಆಮ್ಲಜನಕ ಅದೆಂದು ಭೌತವಿಜ್ಞಾನಿ ಬೋವೆನ್ ತೋರಿಸಿದ್ದು 1927ರಲ್ಲಿ. ಆ ಗೆರೆಯೇ ನಮ್ಮ ಹೊಸಬನ ಎರಡನೆಯ ಫಿಲ್ಟರು. ಲಡಾಖಿನ ಹಾನ್ಲೆಯ ಎರಡು ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಅದರ ಕ್ಯಾಮೆರಾವೂ ಫಿಲ್ಟರಿನ ಹಿಂದೆ ಹಿಡಿಯುವುದು ಕಪ್ಪು-ಬಿಳುಪನ್ನೇ.

ಇವನು ತೆಗೆಯುವುದಕ್ಕಿಂತ ಒಳ್ಳೆಯ ಚಿತ್ರ ಮೊಬೈಲಿನಲ್ಲೇ ಸಿಗುತ್ತದಲ್ಲ ಎಂಬವರಿಗೆ, ಪೇಟೆಯಲ್ಲಿ ಕಾಯಿ ಸಿಗುತ್ತದೆಂದು ಯಾರೂ ತೋಟ ಮಾರುವುದಿಲ್ಲ ಎಂದರೆ ಸಾಕು. ಹೊಸಬನಿಗೆ ಹೇಳಬೇಕಾದದ್ದು ಬೇರೆ: ಗಂಧಕ, ಆಮ್ಲಜನಕ ಪೆಟ್ಟಿಗೆಯಲ್ಲಿರಲಿ. ಜಲಜನಕದ ಫಿಲ್ಟರೊಂದನ್ನೇ ಹಾಕಿ ಒಂದು ಚಳಿಗಾಲ ಕಳೆಯಲಿ. ಅದು ಬೆಳದಿಂಗಳಿಗೂ ಬೀದಿದೀಪಕ್ಕೂ ಅಷ್ಟಾಗಿ ಜಗ್ಗದು. ತೋಟವೇ ಬೇಡ, ಊರ ಮಧ್ಯದ ತಾರಸಿಯೂ ನಡೆದೀತು. ಚಿತ್ರ ಕಪ್ಪು-ಬಿಳುಪಿನಲ್ಲಿ ಬೆರಗಾಗುವಷ್ಟು ಚೆನ್ನಾಗಿ ಬರುತ್ತದೆ. ತೊಂದರೆ ಒಂದೇ, ಅದನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಸೋದರಮಾವ ಫೋನ್ ಮಾಡಿ, ಯಾರ ಎಕ್ಸ್‌ರೇ, ಡಾಕ್ಟರು ಏನಂದರು ಎಂದು ಕೇಳುತ್ತಾರೆ.