ಬೆನ್ನಿನ ನೀರು ತೆಗೆಸಲು ಹೆದರಿದವರಿಗೆ ಒಂದು ಬಹಿರಂಗ ಪತ್ರ

ವಾರ್ಡಿನ ಬಾಗಿಲಲ್ಲಿ ನಿಂತಿರುವ ಅಣ್ಣಂದಿರೇ, ಅಕ್ಕಂದಿರೇ,

ಸೊಂಟಕ್ಕೆ ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತದೆ ಎಂದು ಯಾರೋ ಹೇಳಿದ್ದಾರೆ, ನೀವು ನಂಬಿದ್ದೀರಿ. ನಿಮ್ಮ ಹೆದರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕೈಕಾಲು ಬೀಳಿಸುವ ಕಾಯಿಲೆ ಆಗಲೇ ಒಳಗೆ ಕೂತಿದೆ. ಅದನ್ನು ಹಿಡಿಯಬಲ್ಲ ಸೂಜಿಯನ್ನು ನೀವು ತಡೆಯುತ್ತಿದ್ದೀರಿ.

ವಾರಗಟ್ಟಲೆ ತಲೆನೋವು, ಸಂಜೆಯಾದರೆ ಜ್ವರ, ವಾಂತಿ. ಆಮೇಲೆ ಒಂದು ದಿನ ಮಾತು ತಪ್ಪುತ್ತದೆ, ಎದುರಿಗಿದ್ದದ್ದು ಎರಡೆರಡಾಗಿ ಕಾಣುತ್ತದೆ. ಎಚ್‌ಐವಿ ಇರುವವರಲ್ಲಿ ಹೀಗಾದರೆ ವೈದ್ಯರು ಮೊದಲು ಅನುಮಾನಿಸುವುದರಲ್ಲಿ ಮಿದುಳು ಪೊರೆಯ ಕ್ಷಯವೂ ಒಂದು. ಕೆಮ್ಮು ತರುವ ಅದೇ ಬ್ಯಾಕ್ಟೀರಿಯಾ ರಕ್ತದಲ್ಲಿ ಮಿದುಳಿಗೆ ಹೋಗಿ, ಅದರ ತಳದಲ್ಲಿ ದಪ್ಪ ಕೀವಿನಂಥ ಪದರ ಕಟ್ಟುತ್ತದೆ. ಕಣ್ಣಿನ ನರಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ರಕ್ತನಾಳ ಕಿರಿದಾಗಿ ಲಕ್ವ ಹೊಡೆಯುತ್ತದೆ. ಮಿದುಳು, ಬೆನ್ನುಹುರಿಗಳ ಸುತ್ತ ಹರಿಯುವ ನೀರಿನ ದಾರಿ ಕಟ್ಟಿ ಮಿದುಳು ಒಳಗಿಂದ ಉಬ್ಬುತ್ತದೆ. ವಿಯೆಟ್ನಾಂ, ಇಂಡೋನೇಷ್ಯಾಗಳಲ್ಲಿ ಎಚ್‌ಐವಿ ಜೊತೆಗೆ ಈ ಕಾಯಿಲೆಯಿದ್ದ 520 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧಿ ಕೊಟ್ಟರೂ ವರ್ಷದೊಳಗೆ ಅರ್ಧದ ಹತ್ತಿರ ಜನ ಉಳಿಯಲಿಲ್ಲ. ಒಂದೊಂದು ದಿನಕ್ಕೂ ಬೆಲೆಯಿದೆ ಎಂದು ನಾನು ಗೋಗರೆಯುವುದು ಇದಕ್ಕೇ.

ಇನ್ನು ಸೂಜಿಯ ಮಾತು. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಇಲ್ಲವೇ ಎರಡನೆಯ ಮೂಳೆಯ ಹತ್ತಿರವೇ ಮುಗಿಯುತ್ತದೆ. ಸೂಜಿ ಹಾಕುವುದು ಅದರ ಕೆಳಗೆ, ನೀರಿನಲ್ಲಿ ನರದೆಳೆಗಳಷ್ಟೇ ತೇಲುವ ಜಾಗದಲ್ಲಿ. ಒಳಗೆ ಗಡ್ಡೆಯೋ ಒತ್ತಡವೋ ಇರುವ ಅನುಮಾನ ಬಂದರೆ ಮೊದಲು ಸ್ಕ್ಯಾನ್ ಮಾಡುತ್ತಾರೆ. ಸೂಜಿ ಹಾಕಿದ ಮೇಲೆ ಕೆಲವು ದಿನ ತಲೆನೋವು, ಸೊಂಟನೋವು ಇರಬಹುದು, ಅದನ್ನು ಮುಚ್ಚಿಡುವುದಿಲ್ಲ. ಸೂಜಿಯಿಂದ ತೆಗೆದ ಕೆಲವು ಹನಿ ನೀರಿನಲ್ಲಿ ಸಕ್ಕರೆ ಇಳಿದಿದೆಯೇ, ಪ್ರೋಟೀನ್ ಏರಿದೆಯೇ ಎಂದು ನೋಡುತ್ತಾರೆ. ಜೀನ್‌ಎಕ್ಸ್‌ಪರ್ಟ್ ಯಂತ್ರ ಕೆಲವೇ ತಾಸುಗಳಲ್ಲಿ ಕ್ಷಯದ ಸುಳಿವು ಕೊಡಬಲ್ಲದು. ಅಲ್ಲಿ ಸಿಗದಿದ್ದರೂ ಕ್ಷಯ ಇಲ್ಲವೆಂದಲ್ಲ, ಉಳಿದ ಲಕ್ಷಣ ನೋಡಿ ಔಷಧಿ ಶುರು ಮಾಡಬೇಕಾಗುತ್ತದೆ. ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರ ಕಂಡರೆ ಔಷಧಿಯೇ ಬೇರೆ. ಆಗ ನೀರು ತೆಗೆಯುವುದೇ ತಲೆಯ ಒತ್ತಡ ಇಳಿಸುವ ಚಿಕಿತ್ಸೆಯೂ ಹೌದು.

ಕ್ಷಯದ ಔಷಧಿ ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು. ಎಚ್‌ಐವಿ ಮಾತ್ರೆ ಈವರೆಗೆ ಶುರುವಾಗಿರದಿದ್ದರೆ ವೈದ್ಯರು ನಾಲ್ಕರಿಂದ ಎಂಟು ವಾರ ಕಾಯಬಹುದು. ಅಸಡ್ಡೆ ಎಂದುಕೊಳ್ಳಬೇಡಿ. ರೋಗನಿರೋಧಕ ಶಕ್ತಿ ಒಮ್ಮೆಲೇ ಎದ್ದರೆ ಮಿದುಳಿನ ಉರಿಯೂತ ಇನ್ನೂ ಹೆಚ್ಚಬಹುದು. ಎಚ್‌ಐವಿ ಮಾತ್ರೆಯನ್ನು ಮೊದಲಿನಿಂದ ನುಂಗುತ್ತಿದ್ದವರು ಮಾತ್ರ ತಾವಾಗಿ ನಿಲ್ಲಿಸಬಾರದು.

ಮತ್ತೊಂದು ಮಾತು, ಬಹಳ ಸಂಕಟದಿಂದ ಹೇಳುತ್ತಿದ್ದೇನೆ. ಮಾನಕ್ಕೆ ಅಂಜಿ ಎಚ್‌ಐವಿ ವಿಷಯವನ್ನು ಕ್ಯಾಶುವಾಲ್ಟಿಯಲ್ಲಿ ಮುಚ್ಚಿಡುತ್ತೀರಿ. ಗುಟ್ಟು ಕಾಯಬೇಕು, ಚಿಕಿತ್ಸೆ ನಿರಾಕರಿಸಬಾರದು ಎಂದು ಎಚ್‌ಐವಿ ಕುರಿತ 2017ರ ಕಾಯ್ದೆಯೇ ಹೇಳುತ್ತದೆ. ವೈದ್ಯರ ಕಿವಿಗೆ ಮಾತ್ರ ಬೀಳುವಂತೆ ಹೇಳಿ, ಈಗಲೇ ಹೇಳಿ.

ರೋಗಿಗೆ ಎಚ್ಚರವಿದ್ದರೆ ಒಪ್ಪಿಗೆಯನ್ನು ಅವರನ್ನೇ ಕೇಳೋಣ. ಇಲ್ಲದಿದ್ದರೆ ನೀವು ಸಹಿ ಹಾಕಬೇಕು. ಸಂಜೆಯ ರೌಂಡ್ಸ್‌ವರೆಗೂ ಕಾಯಬೇಡಿ.

ನಿಮ್ಮ,
ವಾರ್ಡಿನ ಸಿಸ್ಟರ್