ದಿನಾ ಓಡಿಸೋಕೆ ಒಂದು ಶೋಕಿ ಗಾಡಿ

ಹಳೇ ಕಾರು ತಗೋಬೇಕು ಅಂತ ರಾಮನಗರದ ಐಜೂರು ಸರ್ಕಲ್ಲಿನ ಟೀ ಅಂಗಡಿ ಮುಂದೆ ಬಾಯಿಬಿಟ್ಟದ್ದೇ ನಾನು ಮಾಡಿದ ತಪ್ಪು. ಟೀ ಆರುವುದರೊಳಗೆ ಏಳು ಜನ ಒಂಬತ್ತು ಕಾರು ಹೇಳಿದರು. ಒಂಬತ್ತೂ ‘ಸಿಂಗಲ್ ಓನರ್’, ಅದರಲ್ಲಿ ಐದು ‘ಡಾಕ್ಟ್ರು ಓಡಿಸಿದ ಗಾಡಿ ಸಾರ್, ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ’. ಬ್ರೋಕರುಗಳ ಬಾಯಲ್ಲಿರುವಷ್ಟು ಡಾಕ್ಟರುಗಳು ನಿಜವಾಗಿಯೂ ನಮ್ಮ ಜಿಲ್ಲೆಯಲ್ಲಿದ್ದಿದ್ದರೆ ನಾವು ಕೆಮ್ಮು ಬಂದರೂ ಬೆಂಗಳೂರಿನ ಬಸ್ಸು ಯಾಕೆ ಹತ್ತಬೇಕಿತ್ತು? ಹಾಂ, 2025ರಲ್ಲಿ ನಮ್ಮ ಜಿಲ್ಲೆಗೇ ‘ಬೆಂಗಳೂರು ದಕ್ಷಿಣ’ ಅಂತ ಹೆಸರಿಟ್ಟರಲ್ಲ, ಇನ್ನು ಬಸ್ಸಿನ ಚಿಂತೆಯಿಲ್ಲ, ಇದ್ದಲ್ಲೇ ಬೆಂಗಳೂರು. ಹಳೇ ಕಾರುಗಳ ಹಣೆಯ ಮೇಲೆ ಮಾತ್ರ ಇನ್ನೂ ಕೆಎ-42.

ನನ್ನ ಅಗತ್ಯ ಬಹಳ ಸಣ್ಣದು. ಬೆಳಗ್ಗೆ ರಾಮನಗರದಿಂದ ಕನಕಪುರಕ್ಕೆ ಹೋಗಿ ಪಾಠ ಮಾಡಿ ಸಂಜೆ ವಾಪಸ್ಸು. ಭಾನುವಾರ ಚನ್ನಪಟ್ಟಣದ ಅತ್ತೆಮನೆ, ಅವರೆಕಾಯಿ ಕಾಲದಲ್ಲಿ ಒಂದೆರಡು ಸಲ ಮಾಗಡಿ. ಇಷ್ಟಕ್ಕೆ ಬುದ್ಧಿ ಇರುವವನು ಒಂದು ಸಾದಾ ಸಣ್ಣ ಕಾರು ತಗೊಂಡು ಸುಮ್ಮನಿರುತ್ತಾನೆ. ನಾನೂ ಸುಮ್ಮನಿರುತ್ತಿದ್ದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಮಾಡುವ ಅಕ್ಕನ ಮಗ ಬಿಡಬೇಕಲ್ಲ. ‘ಮಾವ, ಆಫೀಸಿಗೆ ಹೋಗೋಕಾದ್ರೂ ಖುಷಿ ಕೊಡೋ ಗಾಡೀಲಿ ಹೋಗಿ. 2000ದ ಸುಮಾರಿನ ಸಿಟಿ ವಿಟೆಕ್ ನೋಡಿ, ಒಂದೂವರೆ ಲೀಟರಿಗೆ 106 ಕುದುರೆ. ಪಾಲಿಯೋ 1.6 ನೋಡಿ, 100 ಕುದುರೆ. ಐಕಾನ್ ನೋಡಿ, ಏನ್ ಪಿಕಪ್ಪು!’

ನಮ್ಮಪ್ಪ ಎರಡೇ ಎತ್ತಿನಲ್ಲಿ ಆರು ಎಕರೆ ಉಳುತ್ತಿದ್ದ. ಒಬ್ಬ ಮೇಷ್ಟ್ರನ್ನು ಸ್ಕೂಲಿಗೆ ಮುಟ್ಟಿಸೋಕೆ ನೂರು ಕುದುರೆ ಯಾಕೆ ಅಂತ ನಾನೂ ಕೇಳಿದೆ. ಕೇಳಿದ್ದು ಬಾಯಿ ಮಾತ್ರ, ಮನಸ್ಸು ಆಗಲೇ ಸ್ಟೇರಿಂಗ್ ಹಿಡಿದಾಗಿತ್ತು. ಆ ಕುದುರೆಗಳಿಗೆ ಮೇವು ಎಲ್ಲಿಂದ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಪಾಲಿಯೋ ಮಾಡಿದ ಫಿಯಟ್ ಇಲ್ಲಿ ಕಾರು ಮಾರುವುದನ್ನು ಬಿಟ್ಟು ವರ್ಷಗಳಾದವು. ಐಕಾನ್ ಮಾಡಿದ ಫೋರ್ಡ್ 2021ರಲ್ಲಿ ಇಲ್ಲಿನ ಕಾರ್ಖಾನೆಗಳಿಗೆ ಬೀಗ ಹಾಕುತ್ತೇನೆ ಅಂದಿತು. ಶೋಕಿ ಗಾಡಿಗಳಲ್ಲಿ ಅರ್ಧಕ್ಕರ್ಧ ತವರುಮನೆ ಬಾಗಿಲು ಮುಚ್ಚಿದ ಸೊಸೆಯಂದಿರೇ. ಸಿಟ್ಟಾದರೆ ಹೋಗೋಕೆ ಜಾಗವಿಲ್ಲ, ನಿಮ್ಮ ಮನೆಯಲ್ಲೇ ಕೂತು ನಿಮ್ಮನ್ನೇ ಗೋಳು ಹುಯ್ಯುತ್ತಾರೆ.

ಕೊನೆಗೆ ಒಂದು ತಗೊಂಡೆ. ಯಾವ ಕಂಪನಿ, ಯಾವ ಮಾಡೆಲ್ ಅಂತ ಕೇಳಬೇಡಿ, ಅದರ ಮಾನ ಕಳೆಯೋದು ಬೇಡ. ಕೆಂಪು ಬಣ್ಣ. ಚನ್ನಪಟ್ಟಣದ ಬೊಂಬೆಯ ಹಾಗೆ ಪಳಪಳ. ಅಲ್ಲಿಯವರು ಕಡೆಯುವ ಯಂತ್ರದಲ್ಲಿ ತಿರುಗುವ ಹಾಲೆಮರಕ್ಕೆ ಅರಗು ಒತ್ತಿ ಬಣ್ಣ ಹಿಡಿಸುತ್ತಾರೆ, ಬಣ್ಣದ ಕೆಳಗೆ ಗಟ್ಟಿ ಮರವಿರುತ್ತದೆ. ನನ್ನ ಕಾರಿನ ಬಣ್ಣದ ಕೆಳಗೆ ಪುಟ್ಟಿ ಇತ್ತು, ಪುಟ್ಟಿಯ ಕೆಳಗೆ ತುಕ್ಕು, ತುಕ್ಕಿನ ಕೆಳಗೆ ರಸ್ತೆ.

ಮೊದಲ ದಿನವೇ ಹಂಪುಗಳು ಮಾತಾಡಿಸಿದವು. ರಾಮನಗರ–ಕನಕಪುರ ರಸ್ತೆಯಲ್ಲಿ ಊರಿಗೊಂದು ದೇವಸ್ಥಾನ, ದೇವಸ್ಥಾನಕ್ಕೊಂದು ಹಂಪು. ಓಟ ಚೆನ್ನಾಗಿರಲಿ ಅಂತ ಹಿಂದಿನ ಓನರ್ ಸ್ಪ್ರಿಂಗ್ ಕತ್ತರಿಸಿ ಗಾಡಿ ಇಳಿಸಿದ್ದ. ಪ್ರತಿ ಹಂಪಿನಲ್ಲೂ ಹೊಟ್ಟೆ ನೆಲಕ್ಕೆ ತಾಗಿಸಿ ಕಾರು ದೇವರಿಗೆ ಉರುಳುಸೇವೆ ಮಾಡುತ್ತಿತ್ತು. ಇದನ್ನೂ ತಡೆದುಕೊಂಡೆ. ಆಮೇಲೆ ಸುಗ್ಗಿ ಬಂತು.

ನಮ್ಮ ಕಡೆ ಸುಗ್ಗಿಯಲ್ಲಿ ಟಾರು ರಸ್ತೆಯೇ ಕಣ. ಕುಯ್ದ ಹುರುಳಿಯನ್ನು ರಸ್ತೆ ತುಂಬ ಹರಡಿ ರೈತರು ಬೇಲಿ ಪಕ್ಕ ಬೀಡಿ ಹಚ್ಚುತ್ತಾರೆ, ಒಕ್ಕಣೆ ಮಾಡೋ ಕೆಲಸ ನಮ್ಮ ನಿಮ್ಮ ಗಾಡಿಗಳದ್ದು. ಲಾರಿ ಹೋದರೆ ಕಾಳು ಉದುರುತ್ತೆ. ಇಳಿಸಿದ ಕಾರು ಹೋದರೆ? ಹುರುಳಿ ಬಳ್ಳಿ ಆಕ್ಸಲ್ಲಿಗೆ ಸುತ್ತಿ, ಕಾದ ಸೈಲೆನ್ಸರಿಗೆ ಅಂಟಿ, ಸಣ್ಣಗೆ ಹೊಗೆ. ಹೀಗೆ ಬೆಂಕಿ ಹತ್ತಿ ಕಾರು ಸುಟ್ಟುಹೋದ ಸುದ್ದಿ ಪೇಪರಿನಲ್ಲಿ ಓದಿದ್ದೆ, ಅವತ್ತು ನನ್ನ ಮೂಗಿನ ಕೆಳಗೇ ಬಂತು. ಬೀಡಿ ಎಸೆದು ಓಡಿಬಂದ ಯಜಮಾನರು ಕುಡಗೋಲಿನಲ್ಲಿ ಬಳ್ಳಿ ಕುಯ್ದು, ಕಾರಿನ ಕೆಳಗಿಂದಲೇ ಕೇಳಿದರು: ‘ಮೇಷ್ಟ್ರೇ, ಇದು ಓಡ್ಸೋಕೆ ತಂದಿದ್ದೋ, ಪೂಜೆಗೆ ತಂದಿದ್ದೋ?’

ಗಾಡಿಯನ್ನು ಎಳೆಸಿಕೊಂಡು ಮೆಕ್ಯಾನಿಕ್ ಭಾಯ್ ಹತ್ತಿರ ಹೋದೆ. ಅವರು ಬಾನೆಟ್ ಎತ್ತುವ ಮೊದಲೇ ಬೈದರು. ‘ಸಾರ್, ನೀವು ಗೂಡು ಮಾರ್ಕೆಟ್ಟಿನ ಊರಿನವರು. ರೀಲರುಗಳು ರೇಷ್ಮೆಗೂಡು ಹೆಂಗೆ ತಗೋತಾರೆ? ಹೊಳಪು ನೋಡಿ ತಗೋತಾರಾ? ಬೆರಳಲ್ಲಿ ಒತ್ತಿ ನೋಡ್ತಾರೆ, ಕಿವಿ ಹತ್ರ ಅಲ್ಲಾಡ್ಸಿ ಹುಳ ಸದ್ದು ಮಾಡ್ತದಾ ಕೇಳ್ತಾರೆ. ಗಾಡಿಗೂ ಕೈ, ಕಿವಿ ಬೇಕು ಸಾರ್, ಕಣ್ಣು ಸಾಕಾಗಲ್ಲ.’

ಆಮೇಲೆ ಅವರು ಹೇಳಿದ್ದು ನನಗೆ ತಡವಾಗಿ ಸಿಕ್ಕ ಪಾಠ. ನೀವು ಹೊತ್ತಿಗೆ ಮುಂಚೆ ಓದಿಕೊಳ್ಳಿ. ಕಾರು ನೋಡೋಕೆ ಬೆಳಗ್ಗೆ ಹೇಳದೇ ಕೇಳದೇ ಹೋಗಿ. ನೀವು ಬರೋ ಮೊದಲೇ ಸ್ಟಾರ್ಟ್ ಮಾಡಿ ಎಂಜಿನ್ ಬಿಸಿ ಇಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ತಿಳಿಯಿರಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಕ್ಕೆ ಹೋಗುತ್ತಿದೆ. ಆಯಿಲ್ ಮುಚ್ಚಳ ಬಿಚ್ಚಿದಾಗ ಒಳಗೆ ಮಜ್ಜಿಗೆಯ ಹಾಗೆ ನೊರೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಟೀ ಕೂಡ ಕುಡಿಯದೆ ಎದ್ದು ಬನ್ನಿ. ಬಾಗಿಲಿನ ರಬ್ಬರ್ ಎಳೆದು ಒಳಗಿನ ವೆಲ್ಡಿಂಗ್ ನೋಡಿ, ಕಂಪನಿ ಚುಕ್ಕೆಗಳೋ ಟಿಂಕರಿಂಗ್ ಗೆರೆಗಳೋ ಗೊತ್ತಾಗುತ್ತೆ. ಆರ್‌ಸಿಯಲ್ಲಿ ಸಾಲದ ಹೈಪೊಥಿಕೇಶನ್ ತೆಗೆಸಿದ್ದಾರೋ ಇಲ್ಲವೋ ನೋಡಿ. ಹದಿನೈದು ವರ್ಷ ದಾಟಿದ್ದರೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ, ಅದರ ಮೇಲೆ ಹಸಿರು ತೆರಿಗೆ. ಕಾರಿನ ಆರ್‌ಸಿ ರಿನ್ಯೂವಲ್ಲಿಗೆ ಮೊದಲು 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಲ್ಲಿ ಒಂದೇ ಏಟಿಗೆ 5,000 ಆಯಿತು. ಹಳೇ ಪೆಟ್ರೋಲ್ ಗಾಡಿಯಾದರೆ ಇನ್ನೊಂದಿದೆ. ಈಗ ಬಂಕಿನಲ್ಲಿ ಬರೋದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲು. ಆ ಕಾಲದ ರಬ್ಬರ್ ಪೈಪುಗಳು ಅದಕ್ಕೆಂದು ಮಾಡಿದ್ದಲ್ಲ, ಬದಲಾಯಿಸಿಕೊಳ್ಳಿ.

ಇನ್ನು ನೂರು ಕುದುರೆ ಓಡಿಸೋಕೆ ಮೈಸೂರು ಹೈವೇ ಇದೆಯಲ್ಲ ಅಂತೀರಾ? 2023ರ ಮಾರ್ಚಿನಲ್ಲಿ ಪ್ರಧಾನಿ ಬಂದು ಉದ್ಘಾಟನೆ ಮಾಡಿದ ರಸ್ತೆ, ಭರ್ಜರಿಯಾಗಿದೆ. ವೇಗದ ಮಿತಿ 100, ಮೇಲೆ ಕ್ಯಾಮೆರಾ ಕಣ್ಣು. ಹೋಗೋವಾಗ ಟೋಲು, ಆಮೇಲೆ ಮೊಬೈಲಿಗೆ ದಂಡದ ಚೀಟಿ. ಅಳಿಯನ ಖುಷಿಗೆ ಒಂದು ಸಲ ಹೋಗಿ ಬಂದೆ, ಖುಷಿಯಾಗಿದ್ದು ಸರ್ಕಾರಕ್ಕೆ.

ಅಷ್ಟಕ್ಕೂ ಶೋಕಿ ಗಾಡಿಯ ವಿಚಾರ ರಾಮನಗರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ರಾಮದೇವರ ಬೆಟ್ಟದ ಬುಡದಲ್ಲೇ ಅಲ್ಲವೇ ‘ಶೋಲೆ’ ತೆಗೆದಿದ್ದು, 1975ರಲ್ಲಿ ಬಂದ ಸಿನಿಮಾ. ಜೈ–ವೀರು ಸೈಡ್‌ಕಾರ್ ಬೈಕಿನಲ್ಲಿ ಹಾಡಿಕೊಂಡು ಹೋದದ್ದು ಎಲ್ಲರಿಗೂ ನೆನಪಿದೆ. ಆ ಊರಿಗೆ ದಿನಾ ಜನರನ್ನು ಹೊತ್ತದ್ದು ಬಸಂತಿಯ ಟಾಂಗಾ. ಡಕಾಯಿತರು ಅಟ್ಟಿಸಿಕೊಂಡು ಬಂದಾಗ ಧನ್ನೋ ಕುದುರೆ ಏನೂ ಕಮ್ಮಿ ಓಡಲಿಲ್ಲ, ಕೈಕೊಟ್ಟದ್ದು ಟಾಂಗಾದ ಚಕ್ರ. ಎಂಜಿನ್ ಫಸ್ಟ್ ಕ್ಲಾಸು, ಸರ್ವಿಸ್ ಆಗಿರಲಿಲ್ಲ ಅಂತ ನಮ್ಮ ಭಾಯ್ ಇವತ್ತಿಗೂ ಕೈ ಕೈ ಹಿಸುಕಿಕೊಳ್ಳುತ್ತಾರೆ.

ಕೊನೆಗೆ ದಾರಿ ತೋರಿಸಿದವಳು ನನ್ನ ಹೆಂಡತಿ. ‘ರೀ, ಬಿಡದೀಲಿ ಮಾಡಿದ ಗಾಡಿ ಬಿಟ್ಟು ಊರೆಲ್ಲ ಹುಡುಕ್ತೀರಲ್ಲ’ ಅಂದಳು. ಕ್ವಾಲಿಸ್! ತಟ್ಟೆ ಇಡ್ಲಿಯ ಊರಿನಲ್ಲೇ ಟೊಯೋಟಾ ಕಿರ್ಲೋಸ್ಕರ್‌ನವರು 2000ದಲ್ಲಿ ಬಿಟ್ಟ ಮೊದಲ ಗಾಡಿ. ಐದೇ ವರ್ಷಕ್ಕೆ, ಇನ್ನೂ ಜನ ಮುಗಿಬಿದ್ದು ಕೊಳ್ಳುತ್ತಿರುವಾಗಲೇ, ಅದನ್ನು ನಿಲ್ಲಿಸಿ ಇನೋವಾ ತಂದರು. 2.4 ಲೀಟರ್ ಡೀಸೆಲ್ ಎಂಜಿನ್ನು, ಕುದುರೆ ಬರೀ 75. ನೋಡೋಕೆ ಬ್ರೆಡ್ಡಿನ ಡಬ್ಬಿ. ಟೈಮಿಂಗ್ ಬೆಲ್ಟನ್ನು ಲೆಕ್ಕ ಇಟ್ಟು ಬದಲಾಯಿಸಿ, ಹೊತ್ತಿಗೆ ಸರಿಯಾಗಿ ಆಯಿಲ್ ಹಾಕಿದರೆ ಮೊಮ್ಮಗನ ಕಾಲಕ್ಕೂ ಓಡುತ್ತದೆ ಅಂತ ಭಾಯ್ ಆಣೆ ಮಾಡಿದರು. ‘ಮಾವ, ಅದು ಟ್ಯಾಕ್ಸಿ’ ಅಂತ ಅಳಿಯ ಮೂಗು ಮುರಿದ. ಮೊದಲ ಭಾನುವಾರ ಅತ್ತೆ, ಮಾವ, ನಾದಿನಿ, ಮೂರು ಮಕ್ಕಳು, ಒಂದು ಮೂಟೆ ರಾಗಿ ಸಮೇತ ಕಬ್ಬಾಳಮ್ಮನಿಗೆ ಹೋಗಿಬಂದೆವು. ಹಿಂದಿನ ಸೀಟಿನಲ್ಲಿ ರಾಗಿ ಮೂಟೆ ತಬ್ಬಿ ಕೂತವನು ಅಳಿಯನೇ. ಹಂಪುಗಳ ಮೇಲೆ ಅಲ್ಲಾಡಲಿಲ್ಲ ಅನ್ನೋಲ್ಲ, ಹೊಟ್ಟೆ ಮಾತ್ರ ತಾಗಲಿಲ್ಲ. ದಾರಿಯಲ್ಲಿ ಹುರುಳಿ ಸಿಕ್ಕಿದರೆ ಈಗ ಯಜಮಾನರೇ ಕೈ ಬೀಸಿ ಕರೆಯುತ್ತಾರೆ, ‘ಬನ್ನಿ ಮೇಷ್ಟ್ರೇ, ಒಂದ್ ಸಲ ಹಿಂದಕ್ಕೂ ತಗೊಳ್ಳಿ.’

ಕೆಂಪು ಗಾಡಿ ಹಿತ್ತಲಿನ ಹುಣಸೆಮರದ ಕೆಳಗೆ ನಿಂತಿದೆ. ಭಾನುವಾರ ಸಂಜೆ ಒರೆಸಿ, ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಅದರ ಸದ್ದು ಕೇಳಿ ಆಫ್ ಮಾಡುತ್ತೇನೆ. ಮಾರ್ತೀರಾ ಅಂತ ಯಾರೂ ಬರಬೇಡಿ, ಮಾರೋದಿಲ್ಲ. ಆದರೆ ನಿಮ್ಮ ಕಡೆ ಯಾವ ಗುಜರಿಯಲ್ಲಾದರೂ ಅಂಥದ್ದೊಂದು ಕಾರು ಬಿದ್ದಿದ್ದು, ಅದರ ಎಡಗಡೆಯ ಹೆಡ್‌ಲೈಟ್ ಸರಿಯಿದ್ದರೆ, ದಯವಿಟ್ಟು ಒಂದು ಮಾತು ಹೇಳಿ ಕಳಿಸಿ.